ಅಲಿಗೇನಿ ಕೌಂಟಿ ನ್ಯಾಯಾಲಯ ಭವನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿರುವ ಅಲಿಗೇನಿ ಕೌಂಟಿ ನ್ಯಾಯಾಲಯ ಭವನದ ಬಗ್ಗೆ ಜನರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ಸಾಧ್ಯವಾದಷ್ಟೂ ಕೇಳಿದವರ ಮಾತಿನಲ್ಲೇ, ಇಲ್ಲಿ ಒಟ್ಟುಗೂಡಿಸಲಾಗಿದೆ. ಸರಳ ಪ್ರಶ್ನೆಗಳು ಮೊದಲು ಬರುತ್ತವೆ, ವಾಸ್ತುಶಿಲ್ಪದ ಒಳವಿವರಗಳೂ ಸಂರಕ್ಷಣೆಯ ವಿಚಾರಗಳೂ ಅನಂತರ ಬರುತ್ತವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಯಾವ ಕಟ್ಟಡದ ಬಗ್ಗೆ ಹೇಳ್ತಾ ಇದ್ದೀರಿ? ಅದು ನಗರದಲ್ಲಿ ಎಲ್ಲಿದೆ?

ಪಿಟ್ಸ್‌ಬರ್ಗ್ ನಗರದ ನಡುಭಾಗದಲ್ಲಿ ಗ್ರಾಂಟ್ ಬೀದಿಗೆ ಮುಖಮಾಡಿ ನಿಂತಿರುವ, ತಿಳಿಗೆಂಪು ಛಾಯೆಯ ಗ್ರಾನೈಟು ಕಲ್ಲಿನ ದೊಡ್ಡ ಕಟ್ಟಡವೇ ಈ ನ್ಯಾಯಾಲಯ ಭವನ. ಅದರ ಹಿಂಬದಿಯಲ್ಲಿ ರಾಸ್ ಬೀದಿ ಹಾದುಹೋಗುತ್ತದೆ. ಆ ಬೀದಿಯಾಚೆ ಇದೇ ಕಲ್ಲಿನಲ್ಲಿ, ಇದೇ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅವರ ಕೈಯಲ್ಲಿ ರೂಪುಗೊಂಡ ಹಳೆಯ ಜೈಲು ಇದೆ. ಎರಡನ್ನೂ ಬೀದಿಯ ಮೇಲಿಂದ ಹಾದುಹೋಗುವ ಮುಚ್ಚಿದ ಕಲ್ಲುಸೇತುವೆಯೊಂದು ಜೋಡಿಸುತ್ತದೆ. ಜೈಲು 1886ರಲ್ಲಿ ಮುಗಿಯಿತು, ನ್ಯಾಯಾಲಯ 1888ರಲ್ಲಿ. ಇವನ್ನು ಒಂದೇ ಯೋಜನೆಯಾಗಿ ರೂಪಿಸಲಾಯಿತು, ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿ ಬಂದವರು ಅರ್ಧ ಕಟ್ಟಡವನ್ನಷ್ಟೇ ನೋಡಿದಂತಾಗುತ್ತದೆ.

ಅಮೆರಿಕದ ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆಯೇ? ಅಲ್ಲಿ ಬರೀ ಕೋರ್ಟು ನಡೆಯುತ್ತದೆಯೇ?

ಸ್ಥೂಲವಾಗಿ ಹೌದು: ರಾಜ್ಯದ ಕೆಳಗೆ, ಊರು ನಗರಗಳ ಮೇಲೆ ಇರುವ ಆಡಳಿತ ಘಟಕವದು. ಪೆನ್ಸಿಲ್ವೇನಿಯದಲ್ಲಿ ಇಂಥ 67 ಕೌಂಟಿಗಳಿವೆ. ಆದರೆ ನಮ್ಮ ಜಿಲ್ಲಾಧಿಕಾರಿಯಂತೆ ಸರ್ಕಾರ ನೇಮಿಸಿದ ಅಧಿಕಾರಿ ಅಲ್ಲಿ ಆಡಳಿತದ ಮುಖ್ಯಸ್ಥನಲ್ಲ. ಕೌಂಟಿಯ ಮುಖ್ಯಸ್ಥರನ್ನು, ಶೆರಿಫ್‌ನನ್ನು, ಸರ್ಕಾರಿ ಅಭಿಯೋಜಕರನ್ನು, ಕೊನೆಗೆ ನ್ಯಾಯಾಧೀಶರನ್ನೂ ಜನರೇ ಮತ ಹಾಕಿ ಆರಿಸುತ್ತಾರೆ. ಪೆನ್ಸಿಲ್ವೇನಿಯದ ಕೌಂಟಿ ಮಟ್ಟದ ವಿಚಾರಣಾ ನ್ಯಾಯಾಲಯಕ್ಕೆ ಕೋರ್ಟ್ ಆಫ್ ಕಾಮನ್ ಪ್ಲೀಸ್ ಎಂದು ಹೆಸರು. ಅಲ್ಲಿನ ನ್ಯಾಯಾಧೀಶರ ಅವಧಿ 10 ವರ್ಷ, ಅದು ಮುಗಿದ ಮೇಲೆ ಅವರನ್ನು ಮುಂದುವರಿಸಬೇಕೇ ಬೇಡವೇ ಎಂದು ಮತದಾರರೇ ತೀರ್ಮಾನಿಸುತ್ತಾರೆ.

ಈ ಹಿನ್ನೆಲೆಯಿಂದಾಗಿ ಅಮೆರಿಕದ ಕೌಂಟಿ ನ್ಯಾಯಾಲಯ ಭವನವು ಕೇವಲ ವಿಚಾರಣೆಯ ಜಾಗವಾಗಿ ಉಳಿಯದೆ, ಆಸ್ತಿಪತ್ರ, ಉಯಿಲು, ತೆರಿಗೆ, ಚುನಾವಣೆ ಮುಂತಾದ ಎಲ್ಲ ವ್ಯವಹಾರಗಳಿಗೂ ಜನರು ಬಂದುಹೋಗುವ ಕೇಂದ್ರವಾಗಿ ಬೆಳೆಯಿತು. ಅಲಿಗೇನಿ ಕೌಂಟಿಯನ್ನು ದೀರ್ಘಕಾಲ ಮೂವರು ಚುನಾಯಿತ ಕಮಿಷನರುಗಳು ನಡೆಸುತ್ತಿದ್ದರು. 2000ದಿಂದ ಒಬ್ಬ ಚುನಾಯಿತ ಮುಖ್ಯ ಕಾರ್ಯನಿರ್ವಾಹಕರೂ 15 ಸದಸ್ಯರ ಪರಿಷತ್ತೂ ಆ ಜಾಗಕ್ಕೆ ಬಂದರು. ಪರಿಷತ್ತಿನ ಸಭೆಗಳು ಇದೇ ಭವನದ ನಾಲ್ಕನೆಯ ಅಂತಸ್ತಿನ ‘ಗೋಲ್ಡ್ ರೂಮ್’ ಎಂಬ ಸಭಾಂಗಣದಲ್ಲಿ ನಡೆಯುತ್ತವೆ.

ಈಗಲೂ ಅಲ್ಲಿ ಕೋರ್ಟು ನಡೆಯುತ್ತಿದೆಯೇ, ಅಥವಾ ಮ್ಯೂಸಿಯಂ ಮಾಡಿದ್ದಾರೆಯೇ?

ನಡೆಯುತ್ತಿದೆ. ಕೌಂಟಿಯ ಕ್ರಿಮಿನಲ್ ಮೊಕದ್ದಮೆಗಳ ವಿಚಾರಣೆ ಇಂದಿಗೂ ಇದೇ ಕಟ್ಟಡದಲ್ಲಿ ಆಗುತ್ತದೆ. ಕೆಲಸದ ದಿನಗಳಲ್ಲಿ ಸಾರ್ವಜನಿಕರು ಭದ್ರತಾ ತಪಾಸಣೆ ಮುಗಿಸಿ ಒಳಗೆ ಹೋಗಬಹುದು. ಆದರೆ ಒಳಗಿರುವವರಲ್ಲಿ ಬಹಳ ಮಂದಿ ತಮ್ಮ ಬದುಕಿನ ಕಷ್ಟದ ದಿನವೊಂದರಲ್ಲಿ ಅಲ್ಲಿಗೆ ಬಂದಿರುತ್ತಾರೆ ಎಂಬುದನ್ನು ಕಟ್ಟಡ ನೋಡಲು ಹೋದವರು ಮರೆಯಬಾರದು.

## ಚರಿತ್ರೆ

ಇದಕ್ಕೂ ಮುಂಚೆ ಅಲ್ಲಿ ಏನಿತ್ತು?

ಇದು ಕೌಂಟಿಯ ಮೂರನೆಯ ನ್ಯಾಯಾಲಯ. ಅಲಿಗೇನಿ ಕೌಂಟಿ 1788ರಲ್ಲಿ ರಚನೆಯಾಯಿತು. ಮೊದಲ ನ್ಯಾಯಾಲಯ 1790ರ ದಶಕದಲ್ಲಿ ಊರಿನ ಮಾರುಕಟ್ಟೆ ಚೌಕದಲ್ಲಿ ಎದ್ದಿತು. ಊರು ಬೆಳೆದಂತೆ ಅದು ಸಾಲದಾಯಿತು. ಆಗ ಗ್ರಾಂಟ್ ದಿಬ್ಬದ ಮೇಲೆ ಜಾನ್ ಚಿಸ್ಲೆಟ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ, ಗ್ರೀಕ್ ದೇವಾಲಯವನ್ನು ನೆನಪಿಸುವ ಕಂಬಸಾಲು ಮತ್ತು ಗುಮ್ಮಟವಿರುವ ಎರಡನೆಯ ಕಟ್ಟಡವನ್ನು ಕಟ್ಟಿದರು. 1840ರ ದಶಕದ ಆರಂಭದಲ್ಲಿ ಅದು ಬಳಕೆಗೆ ಬಂತು.

ಈ ದಿಬ್ಬಕ್ಕೆ ಹೆಸರು ಬಂದದ್ದು ಬ್ರಿಟಿಷ್ ಸೇನಾಧಿಕಾರಿ ಮೇಜರ್ ಜೇಮ್ಸ್ ಗ್ರಾಂಟ್ ಅವರಿಂದ. 1758ರ ಸೆಪ್ಟೆಂಬರ್‌ನಲ್ಲಿ ಫ್ರೆಂಚರು ಮತ್ತು ಅವರ ಜೊತೆಗಿದ್ದ ಮೂಲನಿವಾಸಿ ಯೋಧರು ಇದೇ ಜಾಗದಲ್ಲಿ ಅವರ ಪಡೆಯನ್ನು ಸೋಲಿಸಿದ್ದರು.

ಎರಡನೆಯ ನ್ಯಾಯಾಲಯದ ಕಥೆ ಮೂರನೆಯದನ್ನು ಅರ್ಥಮಾಡಿಕೊಳ್ಳಲು ಬಹಳ ಮುಖ್ಯ. ಅದನ್ನು ನಯಗೊಳಿಸಿದ ಬೂದುಬಣ್ಣದ ಮರಳುಗಲ್ಲಿನಿಂದ ಕಟ್ಟಿದ್ದರು. ಪಿಟ್ಸ್‌ಬರ್ಗಿನ ಕಾರ್ಖಾನೆಗಳೂ ಮನೆಗಳೂ ಉಗುಳುತ್ತಿದ್ದ ಕಲ್ಲಿದ್ದಲ ಹೊಗೆ ಆ ಕಲ್ಲನ್ನು ತಿಂದುಹಾಕಿತು. ಮುಖಭಾಗದ ಕಲ್ಲಿನ ಹೊರಪದರ ಸಿಪ್ಪೆಯಂತೆ ಕಳಚತೊಡಗಿತು, ಮಾಡಿನ ಅಂಚಿನ ಕಲ್ಲುಗಳು ಬೀಳತೊಡಗಿದವು. ಹೀಗೆ ಶಿಥಿಲವಾಗುತ್ತಿದ್ದ ಕಟ್ಟಡ 1882ರ ಮೇ 7ರಂದು ಬೆಂಕಿಗೆ ಆಹುತಿಯಾಯಿತು. ಹೊಸ ನ್ಯಾಯಾಲಯ ಹೊಗೆಗೆ ಜಗ್ಗಬಾರದು, ಬೆಂಕಿಗೂ ಜಗ್ಗಬಾರದು ಎಂಬ ನಿರ್ಧಾರಕ್ಕೆ ಕೌಂಟಿ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೊಸ ಕಟ್ಟಡಕ್ಕೆ ರಿಚರ್ಡ್‌ಸನ್ ಅವರನ್ನೇ ಯಾಕೆ ಆರಿಸಿದರು?

ಬೆಂಕಿಯ ನಂತರ ಕೌಂಟಿಯ ಕಮಿಷನರುಗಳು ಆಯ್ದ ಕೆಲವು ವಾಸ್ತುಶಿಲ್ಪಿಗಳನ್ನು ಆಹ್ವಾನಿಸಿ 1883ರಲ್ಲಿ ಸ್ಪರ್ಧೆಯೊಂದನ್ನು ನಡೆಸಿದರು. ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಆ ಹೊತ್ತಿಗೆ ಅಮೆರಿಕದ ಅತ್ಯಂತ ಹೆಸರಾಂತ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. 1838ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಓದಿ, ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್‌ನಲ್ಲಿ ವಾಸ್ತುಶಿಲ್ಪ ಕಲಿತವರು. ಬಾಸ್ಟನ್ನಿನ ಟ್ರಿನಿಟಿ ಚರ್ಚು 1877ರಲ್ಲಿ ಮುಗಿದಾಗ ಅವರ ಕೀರ್ತಿ ದೇಶವೆಲ್ಲ ಹಬ್ಬಿತು. 1885ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ನಡುವೆ ನಡೆದ ಮತಗಣನೆಯೊಂದರಲ್ಲಿ ದೇಶದ ಹತ್ತು ಶ್ರೇಷ್ಠ ಕಟ್ಟಡಗಳ ಪೈಕಿ ಐದು ಅವರವೇ ಆಗಿದ್ದವು.

ಆದರೆ ಹೆಸರೊಂದೇ ಕಾರಣವಾಗಿರಲಾರದು. ಅವರ ನಕ್ಷೆಯಲ್ಲಿ ಕೆಲಸದ ತಿಳಿವಳಿಕೆ ಎದ್ದುಕಾಣುತ್ತದೆ: ನಡುವೆ ತೆರೆದ ಅಂಗಳ, ಸುತ್ತಲೂ ಕೋಣೆಗಳು, ಜೈಲಿನಿಂದ ನ್ಯಾಯಾಲಯಕ್ಕೆ ಬೇರೆಯದೇ ದಾರಿ. ನ್ಯಾಯಾಧೀಶರು, ಜ್ಯೂರಿಯ ಸದಸ್ಯರು (ತೀರ್ಪು ಹೇಳಲು ಕೂರುವ ನಾಗರಿಕರು), ಕೈದಿಗಳು, ಸಾರ್ವಜನಿಕರು ದಿನವಿಡೀ ಹೇಗೆ ಓಡಾಡುತ್ತಾರೆ ಎಂದು ಯೋಚಿಸಿದವರಷ್ಟೇ ಇಂಥ ನಕ್ಷೆ ಬರೆಯಬಲ್ಲರು.

ಕಟ್ಟಿದವರು ಯಾರು? ಎಷ್ಟು ಖರ್ಚಾಯಿತು?

ಗುತ್ತಿಗೆ ಸಿಕ್ಕಿದ್ದು ಮ್ಯಾಸಚುಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣದ ನಾರ್‌ಕ್ರಾಸ್ ಬ್ರದರ್ಸ್ ಸಂಸ್ಥೆಗೆ. ಟ್ರಿನಿಟಿ ಚರ್ಚು ಸೇರಿದಂತೆ ರಿಚರ್ಡ್‌ಸನ್ ಅವರ ಅನೇಕ ಕಟ್ಟಡಗಳನ್ನು ಕಟ್ಟಿದ್ದು ಇವರೇ. 1884ರಲ್ಲಿ ಕೆಲಸ ಆರಂಭವಾಯಿತು. ಒಟ್ಟು ಖರ್ಚು ಸುಮಾರು 25 ಲಕ್ಷ ಡಾಲರ್. ಆ ಕಾಲಕ್ಕೆ ಇದು ಬಹಳ ದೊಡ್ಡ ಮೊತ್ತ.

ರಿಚರ್ಡ್‌ಸನ್ ಈ ಕಟ್ಟಡ ಮುಗಿಯುವುದನ್ನು ನೋಡಲೇ ಇಲ್ಲವಂತೆ, ಹೌದೇ?

ಹೌದು. ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದ ಅವರು 1886ರ ಏಪ್ರಿಲ್ 27ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ಕೆಲಸಗಳಲ್ಲೆಲ್ಲ ಪಿಟ್ಸ್‌ಬರ್ಗಿನದೇ ಶ್ರೇಷ್ಠವೆಂದು ಅವರು ನಂಬಿದ್ದರು, ಅದನ್ನು ಮುಗಿಸುವಷ್ಟು ಕಾಲ ಬದುಕಬೇಕೆಂದು ಹಂಬಲಿಸಿದ್ದರು. ಅವರ ಕಚೇರಿಯಲ್ಲೇ ಪಳಗಿದ ಶೆಪ್ಲಿ, ರುಟಾನ್ ಮತ್ತು ಕೂಲಿಜ್ ಅವರು ಸೇರಿ ನಡೆಸಿದ ಸಂಸ್ಥೆ ನಕ್ಷೆಗಳಿಗೆ ನಿಷ್ಠವಾಗಿದ್ದು ಉಳಿದ ಕೆಲಸವನ್ನು ಪೂರೈಸಿತು. 1888ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಲೋಕಾರ್ಪಣೆಯಾಯಿತು. ಕಟ್ಟಡದ ಯಾವ ಮೂಲೆಯಲ್ಲೂ ಯಜಮಾನ ಇಲ್ಲದೆ ನಡೆದ ಕೆಲಸವೆಂಬ ಭಾವನೆ ಬರುವುದಿಲ್ಲ. ಅದರ ಶ್ರೇಯಸ್ಸಿನಲ್ಲಿ ಶಿಷ್ಯರಿಗೂ ನಾರ್‌ಕ್ರಾಸ್ ಸೋದರರಿಗೂ ದೊಡ್ಡ ಪಾಲು ಸಲ್ಲಬೇಕು.

## ವಾಸ್ತುಶಿಲ್ಪ

ನೋಡಿದರೆ ಕೋಟೆಯ ಹಾಗಿದೆ. ಇದು ಯಾವ ಶೈಲಿ?

ಯೂರೋಪಿನಲ್ಲಿ 11 ಮತ್ತು 12ನೆಯ ಶತಮಾನಗಳಲ್ಲಿ, ಚೂಪು ಕಮಾನಿನ ಗಾಥಿಕ್ ಶೈಲಿ ಬರುವ ಮೊದಲು, ಬಳಕೆಯಲ್ಲಿದ್ದ ರೊಮನೆಸ್ಕ್ ಶೈಲಿಯೇ ಇದರ ಮೂಲ. ದಪ್ಪ ಗೋಡೆ, ಅರೆವೃತ್ತದ ಕಮಾನು, ಗಿಡ್ಡ ಕಂಬ, ಚೌಕ ಗೋಪುರ ಇದರ ಗುರುತುಗಳು. ದಕ್ಷಿಣ ಫ್ರಾನ್ಸ್ ಮತ್ತು ಸ್ಪೇನಿನ ಹಳೆಯ ಚರ್ಚುಗಳನ್ನು ಅಭ್ಯಾಸಮಾಡಿದ್ದ ರಿಚರ್ಡ್‌ಸನ್ ಅವುಗಳ ಭಾಷೆಯನ್ನು ಅಮೆರಿಕದ ಗ್ರಂಥಾಲಯ, ರೈಲುನಿಲ್ದಾಣ, ನ್ಯಾಯಾಲಯಗಳಿಗೆ ಒಗ್ಗಿಸಿದರು. ಅವರ ಕೈಯಲ್ಲಿ ಅದು ಎಷ್ಟು ಬದಲಾಯಿತೆಂದರೆ ಅದಕ್ಕೆ ರಿಚರ್ಡ್‌ಸೋನಿಯನ್ ರೊಮನೆಸ್ಕ್ ಎಂದೇ ಹೆಸರು ನಿಂತಿದೆ.

ಹಳೆಯ ಚರ್ಚುಗಳಲ್ಲಿ ಕಾಣುವ ಶಿಲ್ಪಗಳ ಸಂದಣಿ ಇಲ್ಲಿಲ್ಲ. ಕಮಾನಿನ ಸುತ್ತ, ಕಂಬದ ಬೋದಿಗೆಯಲ್ಲಿ ಅಲ್ಲಲ್ಲಿ ಕೆತ್ತನೆಯಿದೆ, ಉಳಿದಂತೆ ಗೋಡೆ ಗೋಡೆಯಾಗಿಯೇ ಕಾಣುತ್ತದೆ. ಕಡಿದಾದ ಕೆಂಪು ಹೆಂಚಿನ ಮಾಡು, ಅದರಿಂದ ಹೊರಚಾಚಿದ ಕಿಟಕಿಗಳು ಕಟ್ಟಡದ ಮೇಲಂಚಿಗೆ ಚುರುಕು ಕೊಡುತ್ತವೆ, ಕೆಳಗೆ ಮಾತ್ರ ಭಾರವೇ ಪ್ರಧಾನ.

ಕಲ್ಲನ್ನು ನಯಮಾಡದೆ ಹಾಗೇ ಒರಟಾಗಿ ಬಿಟ್ಟಿದ್ದಾರಲ್ಲ, ಯಾಕೆ?

ಅದು ಕೆಲಸ ಉಳಿಸಲು ಬಿಟ್ಟ ಒರಟುತನವಲ್ಲ. ಮ್ಯಾಸಚುಸೆಟ್ಸಿನ ಮಿಲ್‌ಫರ್ಡ್ ಪ್ರದೇಶದ ಗುಲಾಬಿ ಛಾಯೆಯ ಗ್ರಾನೈಟನ್ನು ನೂರಾರು ಮೈಲಿ ದೂರದಿಂದ ತರಿಸಿ, ಅಂಚುಗಳನ್ನು ಕರಾರುವಾಕ್ಕಾಗಿ ಕಡಿದು, ಹೊರಮೈಯನ್ನಷ್ಟೇ ಬಂಡೆ ಒಡೆದಾಗ ಇದ್ದಂತೆ ಉಬ್ಬಿಕೊಂಡಿರಲು ಬಿಟ್ಟಿದ್ದಾರೆ. ಹತ್ತಿರ ಹೋಗಿ ನೋಡಿದರೆ ಎರಡು ಕಲ್ಲುಗಳ ನಡುವಿನ ಸಂದು ಅಳೆದಂತೆ ನೇರವಾಗಿರುವುದು ಕಾಣುತ್ತದೆ. ವರಸೆಗಳ, ಅಂದರೆ ಕಲ್ಲಿನ ಅಡ್ಡಸಾಲುಗಳ, ಎತ್ತರ ಒಂದೇ ಸಮ ಇಲ್ಲ, ಎತ್ತರದ ವರಸೆಯೊಂದರ ಮೇಲೆ ಸಣ್ಣ ವರಸೆ ಬರುತ್ತದೆ. ಹೀಗಾಗಿ ಇಷ್ಟು ದೊಡ್ಡ ಗೋಡೆಯೂ ಬೇಸರ ತರಿಸುವುದಿಲ್ಲ. ಬೆಳಗಿನ ಓರೆಬಿಸಿಲಿನಲ್ಲಿ ಒಂದೊಂದು ಕಲ್ಲಿಗೂ ಅದರದೇ ನೆರಳು ಮೂಡುತ್ತದೆ, ನಡುಹಗಲಿನಲ್ಲಿ ಅದೇ ಗೋಡೆ ಚಪ್ಪಟೆಯಾಗಿ ಕಾಣುತ್ತದೆ.

ಗ್ರಾನೈಟನ್ನು ಆರಿಸಿಕೊಂಡದ್ದರ ಹಿಂದೆ ಹಳೆಯ ನ್ಯಾಯಾಲಯದ ಮರಳುಗಲ್ಲಿನ ಪಾಠ ಇದ್ದೇ ಇದೆ. ಕಲ್ಲಿದ್ದಲ ಹೊಗೆಯ ಆಮ್ಲಕ್ಕೆ ಮರಳುಗಲ್ಲು ಸೋಲುತ್ತದೆ, ಗ್ರಾನೈಟು ಬಹುಮಟ್ಟಿಗೆ ಸೋಲುವುದಿಲ್ಲ. ಮಸಿ ಮಾತ್ರ ಯಾವ ಕಲ್ಲನ್ನೂ ಬಿಡಲಿಲ್ಲ. ನಗರವು 1941ರಲ್ಲಿ ಹೊಗೆ ನಿಯಂತ್ರಣ ಕಾನೂನು ತಂದು, ಎರಡನೆಯ ಮಹಾಯುದ್ಧದ ನಂತರ ಅದನ್ನು ಜಾರಿಗೊಳಿಸುವವರೆಗೂ ಅಲ್ಲಿನ ಕಲ್ಲಿನ ಕಟ್ಟಡಗಳು ಕಪ್ಪಾಗುತ್ತಲೇ ಹೋದವು.

ಅಷ್ಟು ಎತ್ತರದ ಗೋಪುರ ಬರೀ ಅಂದಕ್ಕೆ ಕಟ್ಟಿದ್ದಾ?

ಇಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಈ ಕಟ್ಟಡದ ಜಾಣ್ಮೆ ಇರುವುದೇ ಇಲ್ಲಿ. 1880ರ ದಶಕದ ಪಿಟ್ಸ್‌ಬರ್ಗಿನಲ್ಲಿ ಬೀದಿಯ ಮಟ್ಟದ ಗಾಳಿ ಉಸಿರಾಡಲು ಯೋಗ್ಯವಾಗಿರಲಿಲ್ಲ. ಕಿಟಕಿ ತೆರೆದರೆ ಮಸಿ ಒಳಬರುತ್ತಿತ್ತು, ಮುಚ್ಚಿದರೆ ಜನ ತುಂಬಿದ ವಿಚಾರಣಾ ಕೋಣೆಯಲ್ಲಿ ಕೂರುವುದು ಕಷ್ಟವಾಗುತ್ತಿತ್ತು. ಇದಕ್ಕೆ ರಿಚರ್ಡ್‌ಸನ್ ಕಂಡುಕೊಂಡ ಪರಿಹಾರ ಗೋಪುರವೇ. ಗ್ರಾಂಟ್ ಬೀದಿಯ ಬದಿಯ ಮುಖ್ಯ ಗೋಪುರ, ಹೊಗೆಯ ಪದರಕ್ಕಿಂತ ಮೇಲಿನ ಸ್ವಚ್ಛ ಗಾಳಿಯನ್ನು ಎಳೆದುಕೊಂಡು ಕೆಳಗಿನ ಕೋಣೆಗಳಿಗೆ ಹಂಚಲು ನೆರವಾಗುತ್ತಿತ್ತು. ಹಿಂಬದಿಯ ಎರಡು ಗೋಪುರಗಳು ಬಳಸಿದ ಗಾಳಿಯನ್ನು ಹೊರಹಾಕುತ್ತಿದ್ದವು. ಹೀಗೆ ಇಡೀ ಕಟ್ಟಡವೇ ಮುಂದಿನಿಂದ ಉಸಿರೆಳೆದು ಹಿಂದಿನಿಂದ ಬಿಡುತ್ತಿತ್ತು.

ದೂರದಿಂದ ನೋಡುವವರಿಗೆ ಗೋಪುರ ಕೌಂಟಿಯ ಅಧಿಕಾರದ ಗುರುತಾಗಿ ಕಾಣಬೇಕೆಂಬ ಆಸೆಯೂ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಎದುರಿನಲ್ಲೇ 1902ರಲ್ಲಿ ಉಕ್ಕಿನ ಉದ್ಯಮಿ ಹೆನ್ರಿ ಕ್ಲೇ ಫ್ರಿಕ್ ಕಟ್ಟಿಸಿದ ಬಹುಮಹಡಿ ಫ್ರಿಕ್ ಕಟ್ಟಡ ಎದ್ದ ಮೇಲೆ ಆ ಗುರುತು ಮಸುಕಾಯಿತು, ಅನಂತರದ ಗಗನಚುಂಬಿಗಳ ನಡುವೆ ಗೋಪುರ ಇನ್ನಷ್ಟು ಗಿಡ್ಡವಾಗಿ ಕಾಣುತ್ತದೆ. ಆದರೂ ಅಂದ ಮತ್ತು ಉಪಯೋಗವನ್ನು ಒಂದೇ ಅಂಗದಲ್ಲಿ ಹೀಗೆ ಕೂಡಿಸಿದ ಸಾರ್ವಜನಿಕ ಕಟ್ಟಡಗಳು ಆ ಕಾಲದಲ್ಲಿ ವಿರಳ.

ಒಳಗೆ ಹೋದರೆ ನೋಡಲೇಬೇಕಾದದ್ದು ಏನು?

ಮೊದಲು ನಡು ಅಂಗಳ. ಕಟ್ಟಡವು ಈ ತೆರೆದ ಅಂಗಳವನ್ನು ಸುತ್ತುವರಿದು ನಿಂತಿರುವುದರಿಂದ ಹೊರಗೋಡೆಯ ಕಡೆಯಿಂದಲೂ ಅಂಗಳದ ಕಡೆಯಿಂದಲೂ ಬೆಳಕು ಒಳಬರುತ್ತದೆ. ವಿದ್ಯುದ್ದೀಪ ಇನ್ನೂ ಹೊಸದಾಗಿದ್ದ ಕಾಲದಲ್ಲಿ ದಸ್ತಾವೇಜು ಓದುವವರಿಗೆ ಇದು ದೊಡ್ಡ ಅನುಕೂಲ. ಬೀದಿಯ ಮುಖಕ್ಕಿಂತ ಅಂಗಳದ ಮುಖವೇ ನನಗೆ ಹೆಚ್ಚು ಇಷ್ಟ: ಒಂದರ ಮೇಲೊಂದು ಸಾಲಾಗಿ ಏರುವ ಕಮಾನುಗಳು ಅಲ್ಲಿ ಯಾವ ಆಡಂಬರವೂ ಇಲ್ಲದೆ ಲಯ ಹಿಡಿದಿವೆ, ಮೇಲೆ ನೋಡಿದರೆ ಮುಖ್ಯ ಗೋಪುರ ಪೂರ್ತಿಯಾಗಿ ಕಾಣುತ್ತದೆ. 1970ರ ದಶಕದವರೆಗೂ ಈ ಅಂಗಳದಲ್ಲಿ ಕಾರುಗಳನ್ನು ನಿಲ್ಲಿಸುತ್ತಿದ್ದರು. ಅವನ್ನು ತೆರವುಗೊಳಿಸಿ ಕಾರಂಜಿ, ಗಿಡಮರ, ಬೆಂಚುಗಳಿರುವ ಉದ್ಯಾನ ಮಾಡಿದ್ದು ಈ ಕಟ್ಟಡಕ್ಕೆ ಇತ್ತೀಚೆಗೆ ಆದ ದೊಡ್ಡ ಉಪಕಾರ.

ಎರಡನೆಯದು ಮಹಾ ಸೋಪಾನ. ಅಗಲವಾದ ಕಲ್ಲಿನ ಮೆಟ್ಟಿಲುಗಳು ಏರುತ್ತಾ ಹೋದಂತೆ ಒಂದು ಕಮಾನಿನೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು ಕಮಾನು ಕಾಣುತ್ತದೆ. ನಿಂತ ಜಾಗ ಬದಲಾದಂತೆ ಅವುಗಳ ಜೋಡಣೆಯೂ ಬದಲಾಗುತ್ತದೆ, ಆದ್ದರಿಂದ ಒಂದೇ ಛಾಯಾಚಿತ್ರದಲ್ಲಿ ಅದನ್ನು ಹಿಡಿಯಲು ಆಗುವುದಿಲ್ಲ. ಮೂರನೆಯದು 321ನೆಯ ವಿಚಾರಣಾ ಕೋಣೆ. ಬೇರೆ ಕೋಣೆಗಳು ಕಾಲಕಾಲಕ್ಕೆ ಬದಲಾವಣೆ ಕಂಡಿದ್ದರೂ ಇದನ್ನು ಮೂಲದ ರೂಪಕ್ಕೆ ಮರಳಿಸಿದ್ದಾರೆ. ಕಲಾಪ ನಡೆಯುತ್ತಿದ್ದರೆ ಸದ್ದಿಲ್ಲದೆ ಹಿಂದೆ ಕುಳಿತು ನೋಡಬೇಕು.

## ಜೈಲು ಮತ್ತು ಸೇತುವೆ

ಕೋರ್ಟಿನಿಂದ ಜೈಲಿಗೆ ಸೇತುವೆ ಯಾಕೆ ಕಟ್ಟಿದರು? ವೆನಿಸ್ಸಿನಲ್ಲಿ ಇರುವಂಥದ್ದೇ ಅಲ್ಲವೇ ಅದು?

ಉದ್ದೇಶ ಸರಳ. ವಿಚಾರಣೆಗೆ ಬರುವ ಕೈದಿಯನ್ನು ಬೀದಿಗೆ ಇಳಿಸದೆ, ಜನರ ನಡುವೆ ನಡೆಸದೆ ನೇರವಾಗಿ ನ್ಯಾಯಾಲಯಕ್ಕೆ ಕರೆತರಬೇಕಿತ್ತು. ಅದು ಕಾವಲಿಗೂ ಒಳ್ಳೆಯದು, ಅಪರಾಧ ಇನ್ನೂ ಸಾಬೀತಾಗದ ವ್ಯಕ್ತಿಯ ಮಾನಕ್ಕೂ ಒಳ್ಳೆಯದು. ಮಾದರಿ ಮಾತ್ರ ವೆನಿಸ್ಸಿನದೇ. ಡೋಜ್ (ವೆನಿಸ್ಸಿನ ಅಂದಿನ ಆಡಳಿತ ಮುಖ್ಯಸ್ಥ) ಅರಮನೆಯಿಂದ ಸೆರೆಮನೆಗೆ ಹೋಗುವ ಅಲ್ಲಿನ ನಿಟ್ಟುಸಿರಿನ ಸೇತುವೆಯ ಹೆಸರೇ ಇದಕ್ಕೂ ಬಂದಿದೆ. ಆದರೆ ವೆನಿಸ್ಸಿನದು ನುಣುಪಾದ ಬಿಳಿಗಲ್ಲಿನ ನಾಜೂಕು ಕೆಲಸ, ಕೆಳಗೆ ಕಾಲುವೆಯ ನೀರು. ಪಿಟ್ಸ್‌ಬರ್ಗಿನದು ಒರಟು ಗ್ರಾನೈಟಿನ ಒಂದೇ ಅಗಲ ಕಮಾನು, ಕೆಳಗೆ ವಾಹನಗಳ ಓಡಾಟ. ಹೆಸರನ್ನು ಎರವಲು ತಂದರೂ ಕಟ್ಟಿದ ರೀತಿ ಪೂರ್ತಿ ಈ ಊರಿನದೇ.

ನ್ಯಾಯಾಲಯಕ್ಕಿಂತ ಜೈಲೇ ಚೆನ್ನಾಗಿದೆ ಅಂತ ಕೆಲವರು ಹೇಳುತ್ತಾರಲ್ಲ?

ಹೇಳುತ್ತಾರೆ, ಮತ್ತು ಆ ಮಾತಿನಲ್ಲಿ ತಿರುಳಿದೆ. ಜೈಲಿನ ಒಳಗಿನ ಯೋಜನೆ ಆ ಶತಮಾನದ ಅನೇಕ ಸೆರೆಮನೆಗಳಂತೆಯೇ ಇದೆ: ನಡುವೆ ಎಂಟು ಮೂಲೆಯ ಎತ್ತರದ ಕೇಂದ್ರ, ಅದರಿಂದ ಹೊರಚಾಚಿದ ಕೊಠಡಿಸಾಲುಗಳು, ನಡುವೆ ನಿಂತ ಕಾವಲುಗಾರನಿಗೆ ಎಲ್ಲ ಸಾಲುಗಳ ಮೇಲೂ ಕಣ್ಣಿಡಲು ಅನುಕೂಲ. ಇದರಲ್ಲಿ ಹೊಸದೇನೂ ಇಲ್ಲ.

ಹೊಸತನ ಇರುವುದು ಹೊರಗೋಡೆಯಲ್ಲಿ. ಸುಮಾರು 30 ಅಡಿ ಎತ್ತರದ ಆ ಗೋಡೆಯಲ್ಲಿ ಕಂಬವಿಲ್ಲ, ಪಟ್ಟಿಕೆಯಿಲ್ಲ, ಶಿಲ್ಪವಿಲ್ಲ. ಗೋಡೆಗೆ ಆಳುದ್ದದ ಗ್ರಾನೈಟು ಕಲ್ಲುಗಳು, ಬೇಕಾದಲ್ಲಿ ಮಾತ್ರ ಬಾಗಿಲು. ಬಾಗಿಲಿನ ಕಮಾನು ನೆಲದ ಹತ್ತಿರದಿಂದಲೇ ಏಳುತ್ತದೆ, ಅದರ ಸುತ್ತ ಸೂರ್ಯನ ಕಿರಣಗಳಂತೆ ಚಾಚಿದ ಕಮಾನುಗಲ್ಲುಗಳು ಒಂದೊಂದೂ ಅಷ್ಟುದ್ದ ಇವೆ. ತಪ್ಪಿಸಿಕೊಳ್ಳುವುದು ಅಸಾಧ್ಯ ಎಂಬ ಒಂದೇ ಮಾತನ್ನು ಕಲ್ಲಿನ ತೂಕದಿಂದಲೇ ಹೇಳುವ ಗೋಡೆಯಿದು. ಅಲಂಕಾರವನ್ನೆಲ್ಲ ಬಿಟ್ಟರೂ ಕಟ್ಟಡಕ್ಕೆ ಘನತೆ ಬರುತ್ತದೆ ಎಂಬುದನ್ನು ಇದು ತೋರಿಸಿಕೊಟ್ಟಿತು. ನ್ಯಾಯಾಲಯದ ಗ್ರಾಂಟ್ ಬೀದಿಯ ಮುಖದಲ್ಲಿ ಇನ್ನೂ ಹಳೆಯ ಕಾಲದ ಸಂಭ್ರಮ ಉಳಿದಿದೆ, ರಾಸ್ ಬೀದಿಯ ಗೋಡೆ ಅದನ್ನು ದಾಟಿ ಮುಂದೆ ಹೋಗಿದೆ. ಮೊದಲ ಸಲ ಹೋಗುವವರು ರಾಸ್ ಬೀದಿಯಿಂದಲೇ ನೋಡಲು ಶುರುಮಾಡಿ ಎಂದು ನಾನು ಹೇಳುತ್ತೇನೆ. 20ನೆಯ ಶತಮಾನದ ಮೊದಲ ದಶಕದಲ್ಲಿ ಜೈಲನ್ನು ವಿಸ್ತರಿಸಿದ ಫ್ರೆಡರಿಕ್ ಆಸ್ಟರ್ಲಿಂಗ್ ಕೂಡ ಮೂಲದ ಕಲ್ಲನ್ನೂ ಕಟ್ಟುವ ಕ್ರಮವನ್ನೂ ಅನುಸರಿಸಿದರು.

ಜೈಲರ್ ಹೆಂಡತಿಯೇ ಕೈದಿಗಳನ್ನು ಬಿಡಿಸಿಕೊಂಡು ಹೋದಳು ಅನ್ನೋದು ನಿಜವೇ?

ನಿಜ. ಎಡ್ ಮತ್ತು ಜ್ಯಾಕ್ ಬಿಡಲ್ ಎಂಬ ಸೋದರರು ಕೊಲೆಯ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿ ಇಲ್ಲಿ ಸೆರೆಯಲ್ಲಿದ್ದರು. ಜೈಲಿನ ವಾರ್ಡನ್ ಪೀಟರ್ ಸಾಫೆಲ್ ಅವರ ಪತ್ನಿ ಕೇಟ್ ಸಾಫೆಲ್ ಕೈದಿಗಳಿಗೆ ಧರ್ಮಬೋಧೆ ಮಾಡಲೆಂದು ಬರುತ್ತಿದ್ದವರು ಎಡ್‌ನಲ್ಲಿ ಅನುರಕ್ತರಾದರು. ಅವರು ಒಳಗೆ ತಲುಪಿಸಿದ ಗರಗಸ ಮತ್ತು ಬಂದೂಕುಗಳ ನೆರವಿನಿಂದ ಸೋದರರು 1902ರ ಜನವರಿ 30ರಂದು ತಪ್ಪಿಸಿಕೊಂಡರು, ಕೇಟ್ ಕೂಡ ಜೊತೆಗೆ ಹೋದರು. ಮರುದಿನವೇ ಪಕ್ಕದ ಬಟ್ಲರ್ ಕೌಂಟಿಯಲ್ಲಿ, ಹಿಮದ ನಡುವೆ, ಬೆನ್ನಟ್ಟಿ ಬಂದವರ ಕೈಗೆ ಮೂವರೂ ಗುಂಡೇಟಿನಿಂದ ಗಾಯಗೊಂಡು ಸಿಕ್ಕರು. ಸೋದರರು ಸತ್ತರು, ಕೇಟ್ ಬದುಕುಳಿದು ಜೈಲುಶಿಕ್ಷೆ ಅನುಭವಿಸಿದರು. ಈ ಕಥೆಯ ರೋಚಕತೆಯಲ್ಲಿ ಕೊಲೆಯಾದವರನ್ನು ಜನ ಮರೆತುಬಿಡುತ್ತಾರೆ. ಒಬ್ಬ ಕಿರಾಣಿ ವ್ಯಾಪಾರಿ, ಒಬ್ಬ ಪೊಲೀಸ್ ಪತ್ತೇದಾರ ಪ್ರಾಣ ಕಳೆದುಕೊಂಡಿದ್ದರು.

ಈಗ ಆ ಜೈಲಿನಲ್ಲಿ ಯಾರಿದ್ದಾರೆ?

ಕೈದಿಗಳು ಯಾರೂ ಇಲ್ಲ. 1995ರಲ್ಲಿ ಹೊಸ ಜೈಲು ಆರಂಭವಾದ ಮೇಲೆ ಹಳೆಯದು ಖಾಲಿಯಾಯಿತು. 2000ದ ಹೊತ್ತಿಗೆ ಅದನ್ನು ಒಳಗಿನಿಂದ ಮಾರ್ಪಡಿಸಿ ಕೌಟುಂಬಿಕ ನ್ಯಾಯಾಲಯಕ್ಕೆ ಒದಗಿಸಿದರು. ಹೊರಗೋಡೆ ಮತ್ತು ನಡುವಿನ ಎಂಟು ಮೂಲೆಯ ಭಾಗ ಉಳಿದಿವೆ. ಕೊಠಡಿಸಾಲಿನ ಒಂದು ತುಣುಕನ್ನು ಮೊದಲಿದ್ದಂತೆಯೇ ಕಾಪಾಡಿ ಪುಟ್ಟ ವಸ್ತುಸಂಗ್ರಹಾಲಯ ಮಾಡಿದ್ದಾರೆ.

## ಬದಲಾವಣೆ, ಸಂರಕ್ಷಣೆ, ಪ್ರಭಾವ

ಇಷ್ಟು ದೊಡ್ಡ ಕಟ್ಟಡಕ್ಕೆ ಮುಂಬಾಗಿಲು ಯಾಕೆ ಹಾಗಿದೆ? ನೆಲಮಾಳಿಗೆಯೊಳಗೆ ಹೋದ ಹಾಗೆ ಅನ್ನಿಸುತ್ತದೆ.

ಹಾಗೆ ಅನ್ನಿಸುವುದು ಸರಿಯೇ, ನೀವು ಕಾಲಿಡುವುದು ನಿಜವಾಗಿಯೂ ಮೂಲದ ನೆಲಮಾಳಿಗೆಯ ಮಟ್ಟಕ್ಕೆ. ರಿಚರ್ಡ್‌ಸನ್ ನಕ್ಷೆ ಬರೆಯುವಾಗ ಗ್ರಾಂಟ್ ಬೀದಿ ದಿಬ್ಬದ ಮೇಲೆ ಹಾದುಹೋಗುತ್ತಿತ್ತು, ಮುಖ್ಯ ಬಾಗಿಲುಗಳು ಬೀದಿಗೆ ಹತ್ತಿರದ ಮಟ್ಟದಲ್ಲಿದ್ದವು. ಆ ಏರು ಗಾಡಿಗಳ ಸಂಚಾರಕ್ಕೂ ವ್ಯಾಪಾರದ ವಿಸ್ತರಣೆಗೂ ಅಡ್ಡಿಯೆಂದು ಭಾವಿಸಿದ ನಗರಾಡಳಿತ 1912 ಮತ್ತು 1913ರಲ್ಲಿ ದಿಬ್ಬದ ತಲೆಯನ್ನು ಕತ್ತರಿಸಿತು. ಕೆಲವು ಕಡೆ ಬೀದಿ ಸುಮಾರು 16 ಅಡಿ ಕೆಳಗಿಳಿಯಿತು. ಎದುರಿನ ಫ್ರಿಕ್ ಕಟ್ಟಡದ ನೆಲಮಾಳಿಗೆಯೂ ಹೀಗೆಯೇ ಬಯಲಿಗೆ ಬಂತು.

ನ್ಯಾಯಾಲಯದ ಬಾಗಿಲುಗಳು ಗಾಳಿಯಲ್ಲಿ ತೂಗುವಂತಾದಾಗ, ಮೊದಲು ಹೊರಗೆ ಮೆಟ್ಟಿಲುಗಳನ್ನು ಕಟ್ಟಿ ಸಮಸ್ಯೆ ಬಗೆಹರಿಸಿದರು. 1920ರ ದಶಕದಲ್ಲಿ ಗ್ರಾಂಟ್ ಬೀದಿಯನ್ನು ಅಗಲಗೊಳಿಸುವಾಗ ಆ ಮೆಟ್ಟಿಲುಗಳನ್ನೂ ತೆಗೆದುಹಾಕಿದರು, ಕಮಾನುಗಳನ್ನು ಕೆಳಕ್ಕೆ ಇಳಿಸಿ ಹೊಸ ಬೀದಿಯ ಮಟ್ಟದಲ್ಲಿ ಬಾಗಿಲು ಮಾಡಿದರು. ಗೋಡೆಯ ಕೆಲಸದಲ್ಲಿ ಕೈಚಳಕವಿದೆ, ತೇಪೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹಾನಿ ಆದದ್ದು ಅನುಭವಕ್ಕೆ. ಎತ್ತರದ ಕಮಾನಿನ ಕೆಳಗೆ ಹಾದು ನೇರವಾಗಿ ಮಹಾ ಸೋಪಾನದ ಕಡೆ ನಡೆಯಬೇಕಿದ್ದ ಜನ, ಈಗ ತಗ್ಗು ಚಾವಣಿಯ, ಸ್ವಾಗತಕ್ಕೆಂದು ಎಂದೂ ಯೋಜಿಸಿರದ ಹಜಾರವೊಂದಕ್ಕೆ ಬಂದು ತಪಾಸಣೆಯ ಸಾಲಿನಲ್ಲಿ ನಿಲ್ಲುತ್ತಾರೆ. ಕಟ್ಟಡದ ಪ್ರಮಾಣವೂ ಕೆಟ್ಟಿದೆ, ಮುಖಭಾಗ ಉದ್ದೇಶಿಸಿದ್ದಕ್ಕಿಂತ ಒಂದು ಅಂತಸ್ತು ಎತ್ತರವಾಗಿ ಕಾಣುತ್ತದೆ. ರಿಚರ್ಡ್‌ಸನ್ ಮನಸ್ಸಿನಲ್ಲಿದ್ದ ಮುಖವನ್ನು ನೋಡಬೇಕಾದರೆ ಕೆಳಗಿನ ಅಂತಸ್ತನ್ನು ಕೈಯಿಂದ ಮರೆಮಾಡಿಕೊಂಡು ನೋಡಬೇಕು.

ಇದನ್ನು ಕೆಡವದಂತೆ ಕಾನೂನಿನ ರಕ್ಷಣೆ ಇದೆಯೇ? ನಮ್ಮ ಅಠಾರ ಕಚೇರಿಗೂ ಕೆಡವುವ ಗಂಡಾಂತರ ಬಂದಿತ್ತಲ್ಲ?

ರಕ್ಷಣೆ ಇದೆ. 1973ರಲ್ಲಿ ಇದು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 1976ರಲ್ಲಿ ನ್ಯಾಯಾಲಯ ಮತ್ತು ಜೈಲು ಎರಡಕ್ಕೂ ಒಟ್ಟಾಗಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಅತ್ಯುನ್ನತ ಮನ್ನಣೆ ಸಿಕ್ಕಿತು. ಆದರೆ ಒಂದು ವಿಷಯವನ್ನು ಗಮನಿಸಬೇಕು: ಅಮೆರಿಕದಲ್ಲಿ ರಾಷ್ಟ್ರೀಯ ಮನ್ನಣೆಯೊಂದರಿಂದಲೇ ಕಟ್ಟಡದ ಮಾಲೀಕರ ಕೈ ಕಟ್ಟಿದಂತಾಗುವುದಿಲ್ಲ. ಕೇಂದ್ರ ಸರ್ಕಾರದ ಹಣವೋ ಅನುಮತಿಯೋ ಬೇಕಾದಾಗ ಮಾತ್ರ ಪರಿಶೀಲನೆ ಕಡ್ಡಾಯ. ದಿನನಿತ್ಯದ ಕಾವಲು ಇರುವುದು ನಗರದ ಐತಿಹಾಸಿಕ ಕಟ್ಟಡಗಳ ನಿಯಮದಲ್ಲಿ ಮತ್ತು ಜನರ ಎಚ್ಚರದಲ್ಲಿ. 1964ರಲ್ಲಿ ಸ್ಥಾಪನೆಯಾದ ಪಿಟ್ಸ್‌ಬರ್ಗ್ ಹಿಸ್ಟರಿ ಅಂಡ್ ಲ್ಯಾಂಡ್‌ಮಾರ್ಕ್ಸ್ ಫೌಂಡೇಶನ್ ಈ ಎಚ್ಚರವನ್ನು ಜೀವಂತವಾಗಿಟ್ಟಿದೆ.

ಅಠಾರ ಕಚೇರಿಯ ಹೋಲಿಕೆ ತಕ್ಕದ್ದೇ. ಬೆಂಗಳೂರಿನಲ್ಲಿ 1864ರಿಂದ 1868ರ ನಡುವೆ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಎದ್ದ ಆ ಕೆಂಪು ಕಟ್ಟಡ ಅನಂತರ ಹೈಕೋರ್ಟಿನ ಮನೆಯಾಯಿತು. 1980ರ ದಶಕದ ಆರಂಭದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಉಳಿಸಿಕೊಂಡರು. ಎರಡೂ ಕಟ್ಟಡಗಳು ಉಳಿದಿರುವುದಕ್ಕೆ ಮುಖ್ಯ ಕಾರಣ ಅವು ಬಳಕೆಯಲ್ಲಿ ಉಳಿದದ್ದು. ಒಳಗೆ ನಿತ್ಯ ಕೆಲಸ ನಡೆಯುವ ಕಟ್ಟಡದ ಮಾಡು ಸೋರಿದರೆ ಆ ವಾರವೇ ಯಾರಾದರೂ ದೂರು ಕೊಡುತ್ತಾರೆ.

ಇದನ್ನು ನೋಡಿ ಬೇರೆ ಊರುಗಳಲ್ಲೂ ಹೀಗೇ ಕಟ್ಟಿದ್ದಾರೆಯೇ?

ಬಹಳ ಕಡೆ ಕಟ್ಟಿದ್ದಾರೆ. ಮಿನಿಯಾಪೊಲಿಸ್ ನಗರಸಭೆ ಮತ್ತು ಹೆನೆಪಿನ್ ಕೌಂಟಿ ನ್ಯಾಯಾಲಯಗಳ ಜಂಟಿ ಭವನ, ಕೆನಡಾದ ಟೊರಾಂಟೊದಲ್ಲಿ ಇ. ಜೆ. ಲೆನಕ್ಸ್ ವಿನ್ಯಾಸದಂತೆ 1899ರಲ್ಲಿ ಮುಗಿದ ಹಳೆಯ ನಗರಸಭಾ ಭವನ, ಇವೆರಡರಲ್ಲೂ ಪಿಟ್ಸ್‌ಬರ್ಗಿನ ಛಾಪು ಸ್ಪಷ್ಟ: ಒರಟು ಕಲ್ಲು, ನಡು ಅಂಗಳ, ಮುಖಭಾಗದ ಎತ್ತರದ ಗೋಪುರ. ಟೆಕ್ಸಸ್ಸಿನ ಕೌಂಟಿ ನ್ಯಾಯಾಲಯಗಳದು ಬೇರೆಯೇ ಅಧ್ಯಾಯ. ಅಲ್ಲಿ ಜೇಮ್ಸ್ ರೈಲಿ ಗಾರ್ಡನ್ ಎಂಬ ವಾಸ್ತುಶಿಲ್ಪಿ ರಿಚರ್ಡ್‌ಸನ್ ಶೈಲಿಯನ್ನು ಸೆಕೆಯ ನಾಡಿಗೆ ಹೊಂದಿಸಿ, ಬಿಸಿಗಾಳಿ ನಡುಗೋಪುರದ ಮೂಲಕ ಮೇಲೇರಿ ಹೊರಹೋಗುವಂತೆ ಕಟ್ಟಡಗಳನ್ನು ರೂಪಿಸಿದರು. ವಾಕ್ಸಹಾಚಿ ಪಟ್ಟಣದಲ್ಲಿ 1897ರಲ್ಲಿ ಮುಗಿದ ಎಲಿಸ್ ಕೌಂಟಿ ನ್ಯಾಯಾಲಯ ಅವುಗಳಲ್ಲಿ ಪ್ರಸಿದ್ಧ. ಹೊರರೂಪವನ್ನಷ್ಟೇ ನಕಲುಮಾಡಿದ ಕಟ್ಟಡಗಳೂ ಸಾಕಷ್ಟಿವೆ. ಗೋಪುರ ಗಾಳಿಗಾಗಿ, ಅಂಗಳ ಬೆಳಕಿಗಾಗಿ ಎಂಬುದನ್ನು ಅರಿತು ಕಟ್ಟಿದವು ಕಡಿಮೆ.

ಕೊನೆಗೂ ರಿಚರ್ಡ್‌ಸನ್ ಹಳೆಯ ಕಾಲದವರೇ, ಆಧುನಿಕ ವಾಸ್ತುಶಿಲ್ಪಕ್ಕೆ ದಾರಿ ಮಾಡಿದವರೇ?

ವಿದ್ವಾಂಸರಲ್ಲಿ ಎರಡೂ ಮಾತುಗಳಿವೆ. ಆಧುನಿಕರ ಕಡೆ ನಿಲ್ಲಿಸುವವರು ಶಿಕಾಗೋದಲ್ಲಿ ಅವರು ರೂಪಿಸಿದ, 1887ರಲ್ಲಿ ಮುಗಿದ ಮಾರ್ಷಲ್ ಫೀಲ್ಡ್ ಸಗಟು ಮಳಿಗೆಯನ್ನು ಮುಂದಿಡುತ್ತಾರೆ. ಅದರ ಸರಳ ಕಮಾನುಸಾಲುಗಳನ್ನು ಕಂಡ ಶಿಕಾಗೋದ ವಾಸ್ತುಶಿಲ್ಪಿ ಲೂಯಿ ಸಲಿವನ್ ತಮ್ಮ ಆಡಿಟೋರಿಯಂ ಕಟ್ಟಡದ ಹೊರರೂಪವನ್ನೇ ಬದಲಿಸಿಕೊಂಡರು. ಹಳೆಯ ಕಾಲದವರೆನ್ನುವವರು, ಉಕ್ಕಿನ ಚೌಕಟ್ಟು ಬರುತ್ತಿದ್ದ ಕಾಲದಲ್ಲೂ ರಿಚರ್ಡ್‌ಸನ್ ಕಲ್ಲಿನ ಗೋಡೆಯನ್ನೇ ನೆಚ್ಚಿದರು ಎಂದು ನೆನಪಿಸುತ್ತಾರೆ.

ಪಿಟ್ಸ್‌ಬರ್ಗಿನಲ್ಲಿ ಈ ವಾದದ ಎರಡೂ ಮಗ್ಗುಲುಗಳಿಗೆ ಸಾಕ್ಷಿ ಸಿಗುತ್ತದೆ. ಗ್ರಾಂಟ್ ಬೀದಿಯ ಗೋಪುರ ಮಧ್ಯಯುಗದ ಯೂರೋಪನ್ನು ನೋಡುತ್ತದೆ, ಅದೇ ಗೋಪುರದೊಳಗಿನ ಗಾಳಿಯ ವ್ಯವಸ್ಥೆ ಮುಂದಿನ ಶತಮಾನದ ಎಂಜಿನಿಯರುಗಳ ಚಿಂತನೆಗೆ ಹತ್ತಿರವಾಗಿದೆ. ಮಾರ್ಷಲ್ ಫೀಲ್ಡ್ ಮಳಿಗೆಯನ್ನು 1930ರಲ್ಲಿ ಕೆಡವಿದರು. ಆದ್ದರಿಂದ ರಿಚರ್ಡ್‌ಸನ್ ತಮ್ಮ ಕೊನೆಯ ವರ್ಷಗಳಲ್ಲಿ ಅಲಂಕಾರವನ್ನು ಬಿಡುತ್ತಾ ಎಲ್ಲಿಗೆ ತಲುಪಿದ್ದರು ಎಂದು ಇಂದು ಅಧ್ಯಯನ ಮಾಡಬಯಸುವವರು ರಾಸ್ ಬೀದಿಯ ಜೈಲುಗೋಡೆಗೇ ಬರಬೇಕಾಗಿದೆ.